ಅಂಗಿಯ ಕಿಸೆಯಷ್ಟು ಎತ್ತರ

ಹಿಂದೆ ನಿಂತವರು ಮುಂದೆ ಬನ್ನಿ, ಚಾಪೆ ಖಾಲಿ ಇದೆ. ಭಜನೆ ಇವತ್ತು ಚೆನ್ನಾಗಿ ಆಯಿತು. ತಾಳ ಹಾಕುವವರು ಹಾಡುವವರನ್ನು ಓಡಿಸಲಿಲ್ಲ. ಲಕ್ಷ್ಯ ಎಂಬ ಒಂದು ಮಾತಿನ ಬಗ್ಗೆ ಹೇಳಬೇಕೆಂದು ಬಂದಿದ್ದೇನೆ. ಲಕ್ಷ್ಯವಿಡುವುದು ಎಂದರೆ ಏನು? ಹಿರಿಯರು ಇದಕ್ಕೆ ಬೇಕಾದಷ್ಟು ವ್ಯಾಖ್ಯಾನ ಮಾಡಿದ್ದಾರೆ. ಅದನ್ನೆಲ್ಲ ಬಿಡಿಸುತ್ತ ಕೂತರೆ ನೀವು ತಲೆದೂಗುತ್ತೀರಿ. ತೂಕಡಿಸುವುದೂ ತಲೆದೂಗಿದ ಹಾಗೆಯೇ ಕಾಣುತ್ತದೆ, ಇಲ್ಲಿಂದ ನೋಡುವವನಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಆದ್ದರಿಂದ ಒಂದು ದೃಷ್ಟಾಂತ.

ಹೊಳೆ ಕಡಲಿಗೆ ಸೇರುವ ಅಳಿವೆಯ ದಂಡೆಯ ಮೇಲೆ ಒಂದೂರು. ಆ ಊರಲ್ಲಿ ಮೂರು ಬೋಟುಗಳ ಒಬ್ಬ ಧಣಿ ಇದ್ದ. ಮೂರು ಬೋಟು, ಒಂದು ಐಸಿನ ಕಾರ್ಖಾನೆ, ಮೀನು ಇಳಿಸುವ ದಕ್ಕೆಯಲ್ಲಿ ಸ್ವಂತ ಒಂದು ಆಫೀಸು. ದೃಷ್ಟಾಂತದಲ್ಲಿ ಶ್ರೀಮಂತ ಬಂದ ಕೂಡಲೇ ನಮಗೆಲ್ಲ ಒಂದು ಸಮಾಧಾನ, ಅಲ್ಲವೇ? ಇವನಿಗೆ ಈಗ ಏನೋ ಆಗುತ್ತದೆ, ಕೂತು ನೋಡೋಣ ಎಂದು. ಆದರೆ ಇವನು ಕೆಟ್ಟವನಲ್ಲ. ಕುಡಿಯುತ್ತಿರಲಿಲ್ಲ. ಕೆಲಸದವರ ಪಾಲು ತಪ್ಪಿಸಿದವನಲ್ಲ. ಹುಟ್ಟುವಾಗಲೇ ಧಣಿಯಾಗಿದ್ದವನೂ ಅಲ್ಲ, ಬೇರೆಯವರ ದೋಣಿಯಲ್ಲಿ ಬಲೆ ಎಳೆದು ಮೇಲೆ ಬಂದವನು. ಊರಿನ ಭಜನಾ ಮಂದಿರಕ್ಕೆ ಫ್ಯಾನು, ಮೈಕು ಕೊಟ್ಟವನು. ಆ ಊರಿನ ಮಂದಿರಕ್ಕೆ ಎಂದೆ. ನೀವು ಹಿಂದೆ ತಿರುಗಿ ಯಾರನ್ನೂ ನೋಡಬೇಡಿ.

ಅವನಿಗೆ ಒಬ್ಬಳೇ ಮಗಳು. ಅವಳು ಸಣ್ಣವಳಿದ್ದಾಗ ಅವನಿಗೆ ಇದ್ದದ್ದು ಒಂದೇ ಬೋಟು. ಆಗ ಭಾನುವಾರ ಬೆಳಿಗ್ಗೆ ಅಪ್ಪ ಮಗಳು ಅಳಿವೆಯ ಬಾಯಿಯ ಬಂಡೆಗಳ ಮೇಲೆ ಕೂತು ಗಾಳ ಹಾಕುತ್ತಿದ್ದರು. ಬಿದಿರಿನ ಕೋಲು, ತಂಗೂಸು ನೂಲು, ತುದಿಗೊಂದು ಸೀಸದ ಗುಂಡು. ಏಳು ವರ್ಷದ ಹುಡುಗಿಗೆ ಯಾವ ಬಂಡೆಯ ಸಂದಿಯಲ್ಲಿ ಕೆಂಬೇರಿ ಇರುತ್ತದೆಂದು ಗೊತ್ತಿತ್ತು. ಕೆಂಬೇರಿ ಎಂದರೆ ಕೆಂಪು ಮೀನು, ಬಂಡೆಯ ಬಿರುಕಿನಲ್ಲಿ ಮನೆ ಮಾಡುವಂಥದ್ದು. ನಿಮಗೆ ನಾನು ಹೇಳಬೇಕಾಗಿಲ್ಲ. ಆಮೇಲೆ ಎರಡನೆಯ ಬೋಟು ಬಂತು. ಆಮೇಲೆ ಮೂರನೆಯದು. ಬಂಡೆಗೆ ಹೋಗುವುದು ನಿಂತಿತು. ನಿಲ್ಲಿಸಬೇಕೆಂದು ಯಾರೂ ನಿಲ್ಲಿಸಲಿಲ್ಲ. ಈ ಭಾನುವಾರ ಬೇಡ, ಮುಂದಿನ ಭಾನುವಾರ ಎಂದರು, ಅಷ್ಟೇ.

ನೋಡಿ, ಅವನ ದಿನ ಹೇಗಿತ್ತು ಎಂದು ಹೇಳುತ್ತೇನೆ. ಬೆಳಗಿನ ಜಾವ ಮೀನಿನ ಏಲಂ. ಅದಕ್ಕೆ ಅವನು ಮನೆ ಬಿಡುವಾಗ ಮಗಳು ಮಲಗಿರುತ್ತಿದ್ದಳು. ಐಸು, ಡೀಸೆಲ್ಲು, ಬಲೆ, ಎಂಜಿನ್ನು ಎಂದು ತಿರುಗಿ ವಾಪಸು ಬರುವಾಗಲೂ ಮಲಗಿರುತ್ತಿದ್ದಳು. ಮಲಗದಿದ್ದರೆ ಪುಸ್ತಕ ಹಿಡಿದು ಕೂತಿರುತ್ತಿದ್ದಳು. ಮಳೆಗಾಲದಲ್ಲಿ ಬೋಟು ದಡಕ್ಕೆ ಬಂದರೆ ಬಣ್ಣ, ರಿಪೇರಿ. ಅಂದರೆ ಅವನು ಮಗಳನ್ನು ನೋಡುತ್ತಿರಲಿಲ್ಲವೇ? ದಿನಾ ನೋಡುತ್ತಿದ್ದ. ಹೊದಿಕೆ ಸರಿದಿದ್ದರೆ ಹೊದಿಸುತ್ತಿದ್ದ. ಆದರೆ ಮಲಗಿದವರ ಎತ್ತರ ಯಾರಿಗೂ ತಿಳಿಯುವುದಿಲ್ಲ. ಕೂತವರದೂ ತಿಳಿಯುವುದಿಲ್ಲ.

ಹೀಗಿರುವಾಗ ಮಗಳು ಹತ್ತನೆಯ ತರಗತಿ ಪಾಸಾದಳು. ಒಂದು ದಿನ ಹೆಂಡತಿ ಅವನನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದಳು.

“ಹ್ವಾಯ್, ಕೇಣಿ. ಹೆಣ್ಣ್ ಮಾವನ ಮನೆಗ್ ಹೋಪುದಂಬ್ರ್. ಅಲ್ಲೇ ಕಾಲೇಜಿಗ್ ಸೇರುದಂಬ್ರ್. ಫಾರಂ ತುಂಬ್ಸಿತ್ತ್. ನಿಮ್ ಸೈನ್ ಒಂದ್ ಬಾಕಿ.”

“ಇಲ್ಲಿ ಕಾಲೇಜಿಲ್ಯಾ?”

“ಇತ್ತ್.”

“ಮತ್ತೆಂತಕ್ ಅಲ್ಲಿಗ್ ಹೋಪುದ್?”

“ನಾನೂ ಕೇಂಡೆ. ಅಲ್ಲಿ ಮಾವ ಉಂಬತ್ತಿಗೆ ಒಟ್ಟಿಗೆ ಕೂಕಂತ್ರ್ ಅಂದೇಳಿ ಹೇಳ್ತ್.”

ಅಲ್ಲಿ ಸೋದರಮಾವ ಊಟಕ್ಕೆ ಜೊತೆಯಲ್ಲಿ ಕೂರುತ್ತಾನೆ. ಇಷ್ಟೇ ಕಾರಣ. ಜಗಳವಿಲ್ಲ, ದೂರಿಲ್ಲ. ಆ ಹುಡುಗಿ ಹೋಗುವುದನ್ನು ತೀರ್ಮಾನಿಸಿ, ಫಾರಂ ತುಂಬಿಸಿ, ಸಹಿಗೆ ಜಾಗ ಖಾಲಿ ಬಿಟ್ಟಿದ್ದಳು. ಅವಳು ಹೋದರೆ ಮತ್ತೆ ಈ ಮನೆಗೆ ಬರುವುದು ನೆಂಟರ ಹಾಗೆ. ಅದು ಅವನಿಗೆ ತಿಳಿಯಿತು. ತಿಳಿದು ಎದೆ ಧಸಕ್ಕೆಂದಿತು.

ಎದೆ ಧಸಕ್ಕೆಂದ ಕೂಡಲೇ ನಾವು ಏನು ಮಾಡುತ್ತೇವೆ? ಅಂಗಡಿಗೆ ಹೋಗುತ್ತೇವೆ.

ಅವನೂ ಹೋದ. ಯಾವ ಅಂಗಡಿಗೆ? ಆ ಊರಿನ ಸೇತುವೆಯ ಬುಡದಲ್ಲಿ ಗಾಳದ ಕೋಲು ಕಟ್ಟಿಕೊಡುವವನೊಬ್ಬನ ಅಂಗಡಿ ಇತ್ತು. ಟಿಕೆಟ್ ಕೊಡುವ ಕೋಣೆಯಷ್ಟು ಜಾಗ. ಮೊದಲು ಬಲೆ ಹೆಣೆಯುತ್ತಿದ್ದ, ಆಮೇಲೆ ಈ ಕಸುಬು ಹಿಡಿದ. ಬೋಳು ಕೋಲುಗಳನ್ನು ಹೊರಗಿನಿಂದ ತರಿಸಿ, ಅದಕ್ಕೆ ಹಿಡಿಕೆ ಕೂರಿಸಿ, ರೀಲಿಗೆ ಜಾಗ ಮಾಡಿ, ನೂಲು ಹಾಯುವ ಉಂಗುರಗಳನ್ನು ದಾರದಿಂದ ಸುತ್ತಿ ಸುತ್ತಿ ಕಟ್ಟಿ, ಮೇಲೆ ವಾರ್ನಿಶ್ ಹಾಕುತ್ತಿದ್ದ. ಬ್ಯಾಂಕಿನವರು, ಮೇಷ್ಟರುಗಳು, ಗಲ್ಫಿನಿಂದ ರಜೆಗೆ ಬಂದವರು, ಭಾನುವಾರದ ಗಾಳದ ಹುಚ್ಚಿನವರೆಲ್ಲ ಅವನಲ್ಲಿಗೆ ಬರುತ್ತಿದ್ದರು.

ಅವನದೊಂದು ಕಟ್ಟುನಿಟ್ಟು ಇತ್ತು. ಕೋಲು ಯಾರಿಗೋ ಅವರೇ ಬರಬೇಕು. ಬಂದವರನ್ನು ಅವನು ಅಂಗಡಿಯ ಹಿಂದಿನ ಮರಳಿಗೆ ಕರೆದುಕೊಂಡು ಹೋಗುತ್ತಿದ್ದ. ಹಳೆಯದೊಂದು ಕೋಲು, ತುದಿಗೆ ಬರೀ ಸೀಸ. ಬೀಸಿ ಎನ್ನುತ್ತಿದ್ದ. ಅವರು ಬೀಸುತ್ತಿದ್ದರು. ಸೀಸ ಎಲ್ಲಿ ಬಿತ್ತೆಂದು ಅವರು ನೋಡುತ್ತಿದ್ದರು. ಅವನು ನೋಡುತ್ತಿದ್ದದ್ದು ಅವರ ಪಾದ. ಯಾವ ಕಾಲು ಮುಂದೆ, ಭಾರ ಯಾವ ಕಡೆಗೆ. ಆಮೇಲೆ ಟೇಪು ಹಿಡಿದು ಕಂಕುಳಿನಿಂದ ಅಂಗೈವರೆಗೆ ಅಳೆಯುತ್ತಿದ್ದ. ಆ ಅಳತೆಯ ಮೇಲೆಯೇ ಎಲ್ಲ ನಿಂತಿರುವುದು. ದೊಡ್ಡ ಮೀನು ಎಳೆದಾಗ ಕೋಲಿನ ಬುಡವನ್ನು ಕಂಕುಳಿನಲ್ಲಿ ಅಮರಿಸಿ ಹಿಡಿಯಬೇಕು, ಕೈ ಸರಿಯಾಗಿ ರೀಲಿನ ಮೇಲೆ ಬೀಳಬೇಕು. ರೀಲಿನ ಜಾಗವನ್ನು ಅಂಟಿನಲ್ಲಿ ಕೂರಿಸಿದರೆ ಮುಗಿಯಿತು, ಆಮೇಲೆ ಸರಿಸಲು ಬರುವುದಿಲ್ಲ.

ಪೇಟೆಯ ಹಲ್ಲಿನ ಡಾಕ್ಟರೊಬ್ಬರು ಒಮ್ಮೆ ತಮ್ಮ ಕೈಯ ಫೋಟೊ, ಅಳತೆ ಎಲ್ಲ ಮೊಬೈಲಿನಲ್ಲೇ ಕಳಿಸಿದ್ದರಂತೆ. ಇವನು ಫೋನು ಮಾಡಿ ಹೇಳಿದ, “ಡಾಕ್ಟ್ರೆ, ನಾನ್ ಹಲ್ಲಿನ್ ಫೋಟೊ ಕಳ್ಸಿರೆ ನೀವ್ ಅಲ್ಲೇ ಕೂಕಂಡ್ ಕೀಳ್ತ್ರಿಯಾ?” ಡಾಕ್ಟರು ಮರುದಿನ ಬಂದು ಮರಳಲ್ಲಿ ನಿಂತು ಬೀಸಿದರು.

ಅಂಥವನ ಅಂಗಡಿಗೆ ಧಣಿ ಹೋದ. ಕಾರು ಸೇತುವೆಯ ಮೇಲೇ ಇತ್ತು, ಎಂಜಿನ್ ಆಫ್ ಆಗಿರಲಿಲ್ಲ.

“ನನ್ ಮಗ್ಳಿಗೊಂದ್ ರಾಡ್ ಆಯ್ಕ್ ಮಾರಾಯ. ಊರಂಗ್ ಯಾರ ಹತ್ರವೂ ಇಲ್ದಿದ್ದಂಥದ್.”

“ಆತ್ ಧಣಿ. ಹೆಣ್ಣನ್ನ್ ಕರ್ಕಂಡ್ ಬನ್ನಿ.”

“ಅದಕ್ ಈಗ್ಳೇ ಗೊತ್ತಾಪುದ್ ಬೇಡ. ಕೈಗ್ ಕೊಟ್ಟ್ ಮೇಲೇ ಗೊತ್ತಾಯ್ಕ್.”

“ಕೈ ಕಾಣ್ದೆ ಕೈಗೆಂತ ಕೊಡುದ್?”

“ನಾನ್ ಅದ್ರ ಅಪ್ಪ ಅಲ್ದಾ? ನನ್ಹತ್ರ ಕೇಣ್. ಹೇಳ್ತೆ.”

ಕೋಲು ಕಟ್ಟುವವನು ಟೇಪು ಕೈಗೆತ್ತಿಕೊಂಡ. ಆಮೇಲೆ ಕೇಳಿದ, “ಎಷ್ಟ್ ಎತ್ರ?”

ಧಣಿ ತನ್ನ ಬಲಗೈಯ ಅಂಗೈಯನ್ನು ಗಾಳಿಯಲ್ಲಿ ಅಡ್ಡ ಹಿಡಿದ. ಎಲ್ಲಿ? ಅಂಗಿಯ ಕಿಸೆಯ ಮಟ್ಟಕ್ಕೆ. ಇಲ್ಲಿ. ಮೊಬೈಲು, ಪೆನ್ನು ಇಡುತ್ತೀರಲ್ಲ, ಅಲ್ಲಿ.

“ಇಲ್ಲಿಗ್ ಬತ್ತ್,” ಎಂದ.

ಕೋಲು ಕಟ್ಟುವವನು ಟೇಪಿನ ಒಂದು ತುದಿಯನ್ನು ನೆಲದ ಸಿಮೆಂಟಿಗೆ ಒತ್ತಿ, ಇನ್ನೊಂದನ್ನು ಆ ಅಂಗೈಗೆ ಮುಟ್ಟಿಸಿ, ಬರೆದುಕೊಂಡ. ನೋಡಿ, ಇಲ್ಲಿ ಒಂದು ಕ್ಷಣ ನಿಲ್ಲೋಣ. ಒಬ್ಬ ಅಪ್ಪ ಕೈ ಚಾಚಿ ನಿಂತಿದ್ದಾನೆ. ಒಬ್ಬ ಕಸುಬುಗಾರ ಟೇಪು ಹಿಡಿದು ಬಗ್ಗಿದ್ದಾನೆ. ಆ ಅಂಗೈಯ ಕೆಳಗೆ ಏನಿತ್ತು? ಗಾಳಿ ಇತ್ತು. ಇಬ್ಬರು ಬಲ್ಲವರು ಸೇರಿ, ಬಹಳ ಜಾಗ್ರತೆಯಿಂದ, ಇಂಚು ಇಂಚಾಗಿ, ಗಾಳಿಯನ್ನು ಅಳೆದರು.

“ನಿಲ್ಲೂತಿಗ್ ಯಾವ್ ಕಾಲ್ ಮುಂದೆ ಹಾಕತ್ತ್ ಧಣಿ?”

“ಎಂತ ಮಾರಾಯ, ಮೀನ್ ಹಿಡೂಕಾ, ಯಕ್ಷಗಾನ ಕುಣೂಕಾ?”

ಅಷ್ಟರಲ್ಲಿ ಫೋನು ಬಂತು. ಧಣಿ ಮಾತಾಡುತ್ತಲೇ ಮೆಟ್ಟಿಲು ಹತ್ತಿ ಕಾರಿಗೆ ಹೋದ.

ಕೋಲು ಕಟ್ಟುವವನು ಆವತ್ತು ಬೇಡ ಎನ್ನಬಹುದಿತ್ತು. ಡಾಕ್ಟರಿಗೆ ಎಂದ ಹಾಗೆ ಎನ್ನಬಹುದಿತ್ತು. ಯಾಕೆ ಎನ್ನಲಿಲ್ಲ? ಧಣಿಯ ಹೆದರಿಕೆಯೇ? ಅಲ್ಲ ಎಂದು ನನ್ನ ಭಾವನೆ. ಹೆತ್ತ ಅಪ್ಪ ಹೇಳುತ್ತಿದ್ದಾನೆ, ಅಪ್ಪನಿಗೆ ಗೊತ್ತಿಲ್ಲದ್ದು ನನ್ನ ಟೇಪಿಗೆ ಗೊತ್ತಾಗುತ್ತದೆಯೇ ಎಂದುಕೊಂಡ. ನಂಬಿದ. ಆ ನಂಬಿಕೆಯಲ್ಲಿ ತನ್ನ ಕಟ್ಟುನಿಟ್ಟನ್ನು ಒಂದೇ ಒಂದು ಸಲ ಬಿಟ್ಟ.

ಹನ್ನೊಂದು ದಿನ ಕೂತು ಕಟ್ಟಿದ. ಹಸಿರು ದಾರ, ಅಂಚಿಗೆ ಬೆಳ್ಳಿ ಬಣ್ಣದ ಎಳೆ. ಉಪ್ಪುನೀರಿಗೆ ತುಕ್ಕು ಹಿಡಿಯದ ಉಂಗುರ. ಆ ಎತ್ತರದ ಹುಡುಗಿಗೆ ತೋಳು ಎಷ್ಟುದ್ದ ಇರಬಹುದೆಂದು ಲೆಕ್ಕ ಹಾಕಿ, ಅದರ ಪ್ರಕಾರ ರೀಲಿನ ಜಾಗವನ್ನು ಅಂಟಿಸಿದ. ಹಿಡಿಕೆಯ ಮೇಲುಗಡೆ ಬಿಳಿ ಬಣ್ಣದಲ್ಲಿ ಮಗಳ ಹೆಸರು ಬರೆದು, ಅದರ ಮೇಲೆ ವಾರ್ನಿಶ್ ಹಾಕಿದ. ಹೆಸರಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ರೇಷನ್ ಕಾರ್ಡಿನಲ್ಲೂ ನಮ್ಮ ಮಕ್ಕಳ ಹೆಸರು ಸರಿಯಾಗಿಯೇ ಇರುತ್ತದೆ.

ಶನಿವಾರ ಧಣಿ ಮಗಳಿಗೆ ಹೇಳಿದ, “ಹೆಣೆ, ನಾಳೆ ಬೆಳಿಗ್ಗೆ ಬಂಡೆಗೆ ಹೋಪ.”

ಅವಳು ಪುಸ್ತಕದಿಂದ ತಲೆಯೆತ್ತಿ ಅವನ ಮುಖವನ್ನೇ ನೋಡಿದಳು. ಆಮೇಲೆ, “ಆತ್,” ಎಂದಳು. ಮರುದಿನ ಅವನು ಏಳುವ ಹೊತ್ತಿಗೆ ಅವಳು ಅಂಗಳದಲ್ಲಿ ಕಾಯುತ್ತಿದ್ದಳು. ಗಾಳಕ್ಕೆ ಸಿಕ್ಕಿಸಲು ಸಿಗಡಿಯನ್ನು ಡಬ್ಬಿಯಲ್ಲಿ ಹಾಕಿಟ್ಟಿದ್ದಳು. ಯಾರೂ ಹೇಳಿರಲಿಲ್ಲ. ಹಳೆಯ ಭಾನುವಾರಗಳ ಒಂದೊಂದು ಕೆಲಸವೂ ಅವಳಿಗೆ ನೆನಪಿತ್ತು.

ಇನ್ನೂ ಪೂರ್ತಿ ಬೆಳಕು ಹರಿದಿರಲಿಲ್ಲ. ನೀರು ಏರುತ್ತಿತ್ತು. ಅವಳು ಮುಂದೆ, ಅವನು ಹಿಂದೆ. ಬಂಡೆಯ ಮೇಲೆ ನಡೆಯುವವರು ತಮ್ಮ ಕಾಲನ್ನೇ ನೋಡಿಕೊಂಡು ನಡೆಯುತ್ತಾರೆ. ಆದ್ದರಿಂದ ಆಗಲೂ ಅವನು ನೋಡಲಿಲ್ಲ. ಅವರ ಹಳೆಯ ಜಾಗಕ್ಕೆ ಬಂದ ಮೇಲೆ ಚೀಲ ಬಿಚ್ಚಿ ಕೋಲನ್ನು ಅವಳ ಕೈಗೆ ಕೊಟ್ಟ.

ಅವಳು ತಿರುಗಿಸಿ ತಿರುಗಿಸಿ ನೋಡಿದಳು. ಬೆರಳಿನಿಂದ ಹೆಸರನ್ನು ಸವರಿದಳು. ಮುಖ ಅರಳಿತು. ರೀಲಿನ ಮೇಲೆ ಕೈಯಿಟ್ಟು ಬುಡವನ್ನು ಕಂಕುಳಿಗೆ ತಂದಳು. ಬುಡ ಕಂಕುಳಿಗೆ ಮುಟ್ಟಲಿಲ್ಲ. ಅವಳು ಒಮ್ಮೆ ಅದನ್ನು ನೋಡಿದಳು. ಮೊಣಕೈ ಮಡಚಿ, ಬೆನ್ನು ಬಗ್ಗಿಸಿ, ಕೋಲಿಗೆ ತಕ್ಕ ಹಾಗೆ ತನ್ನನ್ನು ಗಿಡ್ಡ ಮಾಡಿಕೊಂಡು ಬೀಸಿದಳು. ಅಪ್ಪ ಪಕ್ಕದಲ್ಲಿ ಕೂತು ಫೋನಿನಲ್ಲಿ ಬೋಟಿನವರೊಂದಿಗೆ ಮಾತಾಡುತ್ತಿದ್ದ.

ಮೂರನೆಯ ಸಲ ಬೀಸಿದಾಗ ಕೆಂಬೇರಿ ಕಚ್ಚಿತು. ದೊಡ್ಡದು. ಕೆಂಬೇರಿ ಕಚ್ಚಿದ ಕೂಡಲೇ ತಿರುಗಿ ತನ್ನ ಬಿರುಕಿಗೆ ಓಡುತ್ತದೆ. ಬಾಯಲ್ಲಿ ಹತ್ತು ಎಣಿಸುವಷ್ಟು ಹೊತ್ತು ಅದರ ತಲೆ ಮೇಲೆ ಇರುವಂತೆ ಎಳೆದು ಹಿಡಿದರೆ ಅದು ನಿಮ್ಮದು. ಇಲ್ಲದಿದ್ದರೆ ಬಂಡೆಯದು. ಅವಳು ಹಿಡಿದಳು. ಕಂಕುಳಿಗೆ ಒತ್ತಿದಳು. ಒತ್ತಲು ಬುಡ ಇರಬೇಕಲ್ಲ? ಅದು ಜಾರಿ ಪಕ್ಕೆಗೆ ಬಡಿಯಿತು. ಮತ್ತೆ ಹಿಡಿಯುವಷ್ಟರಲ್ಲಿ ಮೀನು ಸಂದಿಗೆ ಸೇರಿತ್ತು. ನೂಲು ಬಂಡೆಗೆ ಉಜ್ಜಿ ಕಡಿಯಿತು.

ಧಣಿ ಫೋನು ಕೆಳಗಿಟ್ಟ. “ಎಂತ ಹೆಣೆ, ಇಷ್ಟ್ ಒಳ್ಳೆ ರಾಡ್ ಕೊಟ್ರೂ ಹಿಡೂಕಾತಿಲ್ಯಾ? ಮರ್ತೇ ಹೋಯ್ತಾ ನಿಂಗೆ?”

ಅವಳು ಸಡಿಲ ಬಿದ್ದ ನೂಲನ್ನು ರೀಲಿಗೆ ಸುತ್ತಿದಳು. ಪೂರ್ತಿ ಸುತ್ತಿ ಮುಗಿಸಿದ ಮೇಲೆ ಕೇಳಿದಳು, “ಅಪ್ಪಯ್ಯ, ಇದ್ ಯಾರಿಗ್ ಮಾಡ್ಸಿದ್ದ್?”

“ನಿಂಗೇ. ಹೆಸ್ರ್ ಬರ್ದಿತ್ತಲ್ದಾ?”

“ಹೆಸ್ರ್ ನಂದೇ.” ಅವಳು ಕೋಲನ್ನು ಕಂಕುಳಿಗೆ ಹಿಡಿದು, ನಡುವೆ ಉಳಿದ ಜಾಗದಲ್ಲಿ ತನ್ನ ಮುಷ್ಟಿಯನ್ನು ಇಟ್ಟು ತೋರಿಸಿದಳು. “ಏಳನೇ ಕ್ಲಾಸಂಗ್ ಇಪ್ಪತ್ತಿಗಾರೆ ಸರೀ ಆತಿತ್ತ್.”

ಏಳನೆಯ ತರಗತಿಯಲ್ಲಿ ಇದ್ದಾಗಾದರೆ ಸರಿಯಾಗುತ್ತಿತ್ತು. ಸಿಟ್ಟಿನಲ್ಲಿ ಹೇಳಲಿಲ್ಲ. ಬಸ್ಸು ಹೋಯಿತು ಎನ್ನುವ ಹಾಗೆ ಹೇಳಿದಳು. ಸಿಟ್ಟಿದ್ದರೆ ಸಮಾಧಾನ ಮಾಡಬಹುದಿತ್ತು.

ಅಪ್ಪನಿಗೆ ಸಿಟ್ಟು ಬಂತು. ಯಾರ ಮೇಲೆ? ಕೋಲು ಕಟ್ಟಿದವನ ಮೇಲೆ. ನಮ್ಮ ತಪ್ಪು ನಮ್ಮ ಎದುರಿಗೆ ಬಂದು ನಿಂತಾಗ ಪಕ್ಕದಲ್ಲಿ ಇನ್ನೊಬ್ಬನಿದ್ದರೆ ಎಷ್ಟು ಅನುಕೂಲ ನೋಡಿ. ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ನೇರ ಸೇತುವೆಯ ಬುಡಕ್ಕೆ ಬಂದ.

“ಇದೆಂತ ಮಾಡಿದ್ದ್ ಮಾರಾಯ ನೀ? ಗಿಡ್ಡ ಆಯಿತ್ ಇದ್.”

ಕೋಲು ಕಟ್ಟುವವನು ಕೋಲನ್ನು ನೋಡಲಿಲ್ಲ. ಧಣಿಯ ಹಿಂದೆ ನಿಂತಿದ್ದ ಹುಡುಗಿಯನ್ನು ನೋಡಿದ, ಅಡಿಯಿಂದ ಮುಡಿಯವರೆಗೆ. ಆಮೇಲೆ ಟೇಪು ತೆಗೆದು ಕೋಲಿನ ಬುಡ ಅಳೆದ, ಅಳತೆ ಬರೆದಿದ್ದ ಚೀಟಿ ತೆಗೆದು ಎದುರಿಗಿಟ್ಟ.

“ನೀವ್ ಹೇಳಿದ್ದೇ ಮಾಡಿದ್ದೆ ಧಣಿ.”

“ನಾ ಹೇಳಿದ್ ಇಷ್ಟಲ್ಲ.”

“ಆರೆ ಮತ್ತೊಂದ್ ಸಲ ತೋರ್ಸಿ. ಹೆಣೆ, ನೀ ಅಪ್ಪಯ್ಯನ ಬದಿಗ್ ನಿಂತ್ಕೋ.”

ಅವಳು ಬಂದು ಪಕ್ಕದಲ್ಲಿ ನಿಂತಳು. ಅವನು ಅಂಗೈ ಚಾಚಿದ. ಕೈ ತನ್ನ ಅಭ್ಯಾಸದಂತೆ ಕಿಸೆಯ ಮಟ್ಟಕ್ಕೇ ಹೋಯಿತು. ಈ ಸಲ ಅಲ್ಲಿ ಗಾಳಿ ಇರಲಿಲ್ಲ. ಅಂಗೈ ಅವಳ ತೋಳಿಗೆ ಬಡಿಯಿತು. ಅವನು ತಲೆಯೆತ್ತಿದ. ಮಗಳ ಮುಖ ನೋಡಲು ಅವನು ಕೆಳಗೆ ನೋಡಬೇಕಾಗಿತ್ತು, ಹಾಗೆಯೇ ಅವನಿಗೆ ಗೊತ್ತಿದ್ದದ್ದು. ಈಗ ಎದುರಿಗೆ ನೋಡಬೇಕಾಯಿತು. ಅವಳ ನೆತ್ತಿ ಅವನ ಕಿವಿಯ ಮಟ್ಟಕ್ಕೆ ಬಂದಿತ್ತು.

“ಇದ್ ಯಾವಾಗ?” ಎಂದ. ಯಾರನ್ನು ಕೇಳಿದನೋ.

“ಒಂದೇ ಸಲ ಅಲ್ಲ ಅಪ್ಪಯ್ಯ,” ಎಂದಳು ಮಗಳು. “ಚೂರ್ ಚೂರೇ.”

ಮೇಲೆ ಸೇತುವೆಯಲ್ಲಿ ಲಾರಿ ಹೋದ ಸದ್ದು. ಆಮೇಲೆ ಧಣಿ, ಧಣಿಗಳು ಕೇಳುವುದನ್ನೇ ಕೇಳಿದ: “ಹಿಂದೆ ಒಂದ್ ತುಂಡ್ ಸೇರ್ಸುಕಾತಿಲ್ಯಾ?”

“ಸೇರ್ಸುಕಾತ್ತ್. ಕೆಂಬೇರಿ ಎಳ್ದ್ರೆ ಸೇರ್ಸಿದಲ್ಲೇ ಬಿಡತ್ತ್.” ಕೋಲು ಕಟ್ಟುವವನು ಚೀಟಿಯನ್ನು ಹರಿದು ಹಾಕಿದ. “ತಪ್ಪ್ ನಂದೂ ಹೌದ್ ಧಣಿ. ಗಾಳಿ ಅಳ್ದವ ನಾನ್. ಹೊಸ್ತ್ ಒಂದ್ ಕಟ್ತೆ. ಆರೆ ಮೂರ್ ಸಲ ಬರ್ಕ್. ಈಗ ಒಂದ್ ಸಲ, ಹಿಡ್ಕೆ ಇಡೂತಿಗೊಂದ್ ಸಲ, ಉಂಗುರ ಕಟ್ಟೂತಿಗೊಂದ್ ಸಲ. ಇಬ್ರೂ ಬರ್ಕ್.”

ಆಗಲೇ ಧಣಿಯ ಫೋನು ಬಡಿದುಕೊಂಡಿತು. ದಕ್ಕೆಯಿಂದ. ಎರಡನೆಯ ಬೋಟು ಬಂದಿದೆ, ಮೀನು ಇಳಿಸುತ್ತಿದ್ದಾರೆ, ಏಲಂ ಕೂಗಬೇಕು. ಧಣಿ ಫೋನನ್ನು ನೋಡಿದ. ಮಗಳು ತಾನಾಗಿ ಹೇಳಿದಳು, “ಹೋಯ್ನಿ ಅಪ್ಪಯ್ಯ. ನಾ ನಡ್ಕಂಡ್ ಮನೆಗ್ ಹೋತೆ.”

ಹೋಗಿ ಅಪ್ಪಯ್ಯ. ಎಷ್ಟು ಸಲೀಸಾಗಿ ಹೇಳಿದಳು ಗೊತ್ತೇ? ಹೇಳಿ ಹೇಳಿ ನುಣುಪಾದ ಮಾತು ಅದು. ನೀರಲ್ಲಿ ಉರುಳಿದ ಕಲ್ಲಿನ ಹಾಗೆ. ಆ ಸಲೀಸು ಅವನಿಗೆ ತಾಗಿತು. ಮೀನು ತಪ್ಪಿದ್ದು ತಾಗಿರಲಿಲ್ಲ, ಗಿಡ್ಡ ಕೋಲು ತಾಗಿರಲಿಲ್ಲ, ಇದು ತಾಗಿತು. ಅವನು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ.

“ತಾಂಡೇಲ ಇದ್ದ ಅಲ್ಲಿ. ಅವನೇ ಕಾಂತ,” ಎಂದ. ಬೋಟು ನಡೆಸುವ ತಾಂಡೇಲನೇ ಏಲಂ ನೋಡಿಕೊಳ್ಳುತ್ತಾನೆ ಎಂದು.

ಮೂವರೂ ಮರಳಿಗೆ ಹೋದರು. ಅವಳು ಹಳೆಯ ಕೋಲು ಹಿಡಿದು, ಬೆನ್ನು ನೆಟ್ಟಗೆ ಮಾಡಿ, ತನ್ನ ಪೂರ್ತಿ ಉದ್ದಕ್ಕೆ ನಿಂತು ಬೀಸಿದಳು. ಸೀಸ ಬಹಳ ದೂರ ಹೋಯಿತಂತೆ. ಆದರೆ ಅಪ್ಪ ಅದನ್ನು ನೋಡಲಿಲ್ಲ. ಕೋಲು ಕಟ್ಟುವವನು ನೋಡುತ್ತಿದ್ದ ಕಡೆಗೇ ಅವನೂ ನೋಡುತ್ತಿದ್ದ.

“ಎಡ್ಗಾಲ್,” ಎಂದ ಅಪ್ಪ.

“ಎಡ್ಗಾಲೇ,” ಎಂದು ಬರೆದುಕೊಂಡ ಕೋಲು ಕ‌ಟ್ಟುವವನು. “ಯಕ್ಷಗಾನಕ್ಕೂ ಆತ್ತ್ ಧಣಿ.”

ಮಗಳು ನಕ್ಕಳು.

ಮೂರು ಸಲವೂ ಇಬ್ಬರೂ ಬಂದರು. ಮೂರನೆಯ ಸಲ ಉಂಗುರಗಳಿಗೆ ದಾರ ಸುತ್ತುವುದನ್ನು ನೋಡುತ್ತ ಕೂತಿದ್ದಾಗ ಧಣಿ ಕೇಳಿದ, “ಫಾರಂ ಎಲ್ಲಿತ್ತ್?” ಅದು ಅವಳ ಚೀಲದಲ್ಲಿತ್ತು. ಅವನು ಅಲ್ಲೇ ಮೇಜಿನ ಮೇಲಿಟ್ಟು ಸಹಿ ಹಾಕಿದ. ಹಾಕಿ ಕೊಡುವಾಗ ಕೇಳಿದ, “ಹೋಯ್ಕೇ?”

“ಹೋತೆ ಅಪ್ಪಯ್ಯ. ತಿಂಗ್ಳಿಗೊಂದ್ ಆಯ್ತ್ವಾರ ಬತ್ತೆ.” ಫಾರಂ ಚೀಲಕ್ಕೆ ಹಾಕುತ್ತ ಸೇರಿಸಿದಳು, “ನೀವ್ ಮನೆಯಂಗ್ ಇಪ್ಪುದಾರೆ.”

ನೀವು ಮನೆಯಲ್ಲಿ ಇರುವುದಾದರೆ.

ಅವಳು ಹೋದಳು. ಹೋಗಲಿಲ್ಲ, ಫಾರಂ ಹರಿದು ಅಪ್ಪನನ್ನು ತಬ್ಬಿಕೊಂಡಳು ಎಂದು ನಾನು ಹೇಳಿದ್ದರೆ ನಿಮಗೆ ಇಲ್ಲಿಂದ ಎದ್ದು ಹೋಗುವುದು ಹಗುರವಾಗುತ್ತಿತ್ತು. ಬೆಳೆದುಹೋದ ಎತ್ತರ ಒಂದು ಬೆಳಗಿನ ಬುದ್ಧಿಯಿಂದ ವಾಪಸು ಬರುವುದಿಲ್ಲ. ಮುಂದೇನಾಯಿತು ಎಂದು ಕೇಳುತ್ತೀರಿ. ಮೊದಲ ತಿಂಗಳು ಅವಳು ಬಂದಾಗ ಅವನು ಮನೆಯಲ್ಲಿದ್ದ. ಎರಡನೆಯ ತಿಂಗಳೂ ಇದ್ದ. ಮೂರನೆಯ ತಿಂಗಳು ಆ ಭಾನುವಾರವೇ ಬೋಟಿನ ಎಂಜಿನ್ ಕೆಟ್ಟಿತು. ಅವನು ಬಂಡೆಗೆ ಬರುವಾಗ ಹೊತ್ತಾಗಿತ್ತು, ಕೈಯೆಲ್ಲ ಡೀಸೆಲ್ ವಾಸನೆ. ಅವಳು ಹೊಸ ಕೋಲನ್ನು ಚೀಲದಿಂದ ತೆಗೆಯದೆ ಕಾದು ಕೂತಿದ್ದಳು. ಯಾಕೆ ತಡ ಎಂದು ಕೇಳಲಿಲ್ಲ. “ಬದಿಗ್ ನಿಲ್ಲಿ ಅಪ್ಪಯ್ಯ, ಬೀಸ್ತೆ,” ಎಂದಳು. ಮೀನು ಸಿಕ್ಕಿತೇ ಇಲ್ಲವೇ ನನಗೆ ಗೊತ್ತಿಲ್ಲ.

ಆ ಗಿಡ್ಡ ಕೋಲು ಈಗ ಸೇತುವೆಯ ಬುಡದ ಅಂಗಡಿಯ ಬಾಗಿಲ ಮೇಲೆ ನೇತಾಡುತ್ತದೆ. ಯಾರಾದರೂ ಬಂದು ಅಳತೆ ನಾನೇ ಹೇಳುತ್ತೇನೆ ಎಂದರೆ ಅವನು ಮಾತಾಡುವುದಿಲ್ಲ, ಅದರ ಕಡೆಗೆ ಕೈ ತೋರಿಸುತ್ತಾನೆ.

ಈಗ ನಿಮ್ಮ ಕಡೆಗೆ ತಿರುಗುತ್ತೇನೆ. ಲಚ್ಚಕ್ಕ, ಕಣ್ಣೊರೆಸಿಕೊಳ್ಳುವುದು ಆಮೇಲೆ ಆಗಲಿ. ಹೆರಿಯಣ್ಣ, ನೀವೂ ನಗಬೇಡಿ.

ಕಳೆದ ವರ್ಷ ನಮ್ಮ ಮಂದಿರದ ಅಮ್ಮನವರಿಗೆ ಬೆಳ್ಳಿಯ ಕವಚ ಮಾಡಿಸಿದೆವು. ನೆನಪಿದೆಯೇ? ಅಕ್ಕಸಾಲಿಗರು ಎಷ್ಟು ಸಲ ಬಂದರು? ಮೂರು ಸಲ. ಅಳತೆಗೆ ಒಮ್ಮೆ, ಮೇಣದ ಅಚ್ಚಿಗೆ ಒಮ್ಮೆ, ಕೂರಿಸಿ ನೋಡಲು ಒಮ್ಮೆ. ನಾವೆಲ್ಲ ಕೆಲಸ ಬಿಟ್ಟು ಸುತ್ತ ನಿಂತಿದ್ದೆವು. ಒಬ್ಬರು ಟಾರ್ಚು ಹಿಡಿದರು. ಕಿವಿಯ ಹತ್ತಿರ ಒಂದು ಎಳೆಯಷ್ಟು ಸಡಿಲವಾಯಿತೆಂದು ಕವಚವನ್ನು ವಾಪಸು ಕಳಿಸಿದೆವು. ಮಾಡಿದ್ದು ಸರಿಯೇ, ನಾನು ಬೇಡ ಎನ್ನುವುದಿಲ್ಲ. ಆದರೆ ಆ ವಿಗ್ರಹ ಕಲ್ಲಿನದು. ನಮ್ಮ ಅಜ್ಜಂದಿರು ನೋಡಿದಾಗ ಎಷ್ಟಿತ್ತೋ ಇವತ್ತಿಗೂ ಅಷ್ಟೇ ಇದೆ. ಬೆಳೆಯದ ಕಲ್ಲನ್ನು ಮೂರು ಸಲ ಅಳೆದೆವು. ದಿನಾ ಬೆಳೆಯುವುದನ್ನು ಮನೆಯಲ್ಲಿಟ್ಟುಕೊಂಡು, ಕಿಸೆಯ ಹತ್ತಿರ ಅಂಗೈ ಹಿಡಿದು, ಇಷ್ಟು ಎನ್ನುತ್ತೇವೆ.

ನಾನೂ ನಿಮ್ಮ ಚಾಪೆಯ ಮೇಲೆಯೇ ಕೂತವನು. ಕಳೆದ ತಿಂಗಳು ಮಗನಿಗೆ ಚಪ್ಪಲಿ ತಂದೆ, ಅಂಗಡಿಯವನಿಗೆ ಬೆರಳಿನಲ್ಲಿ ಅಳತೆ ತೋರಿಸಿ. ಮಗ ಹಾಕಿಕೊಂಡ. ಹಿಮ್ಮಡಿ ಪೂರ್ತಿ ಹೊರಗಿತ್ತು. ಇರಲಿ, ತಂಗಿಗಾಗುತ್ತದೆ ಎಂದು ತೆಗೆದಿಟ್ಟ. ಕೋಲಿಗೆ ತಕ್ಕ ಹಾಗೆ ಬೆನ್ನು ಬಗ್ಗಿಸುವುದನ್ನು ಮಕ್ಕಳು ಎಲ್ಲಿ ಕಲಿಯುತ್ತಾರೆ? ನಮ್ಮ ಮನೆಗಳಲ್ಲೇ ಕಲಿಯುತ್ತಾರೆ.

ಹಾಗಾದರೆ ಲಕ್ಷ್ಯವಿಡಲು ಏನು ಮಾಡಬೇಕು? ದಕ್ಕೆಯ ಏಲಂ ಬಿಟ್ಟು ಬನ್ನಿ ಎಂದು ಹೇಳಲು ನಾನು ಯಾರು? ಬೋಟು ಹೋಗಬೇಕು, ಮೀನು ಬರಬೇಕು, ಒಲೆ ಉರಿಯಬೇಕು. ದೊಡ್ಡದೇನೂ ಬೇಡ. ಮಕ್ಕಳಿಗೆ ಏನನ್ನಾದರೂ ತರುವುದಿದ್ದರೆ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ, ಆಶ್ಚರ್ಯಪಡಿಸುವುದು ಆಮೇಲೆ ಆಗಲಿ. ದಿನಕ್ಕೆ ಆಗದಿದ್ದರೆ ವಾರಕ್ಕೆ ಒಂದು ಊಟವಾದರೂ ಅವರ ಪಕ್ಕದಲ್ಲಿ ಕೂತು ಉಣ್ಣಿ, ಅವರು ಕೈ ತೊಳೆಯುವವರೆಗೆ ಏಳಬೇಡಿ. “ನೀವು ಹೋಗಿ, ಪರವಾಗಿಲ್ಲ” ಎಂದು ಮನೆಯಲ್ಲಿ ಯಾರಾದರೂ ಸಲೀಸಾಗಿ ಹೇಳಿದರೆ, ಆವತ್ತು ಹೋಗಬೇಡಿ. ಹೆಂಡತಿ ಹೇಳಿದರೂ ಅಷ್ಟೇ, ತಾಯಿ ಹೇಳಿದರೂ ಅಷ್ಟೇ.

ಇನ್ನೊಂದು ಮಾತು, ಆಮೇಲೆ ಮಂಗಳಾರತಿ. ಈಗ ನೀವು ಮನೆಗೆ ಹೋಗುವಾಗ ಮಕ್ಕಳು ಮಲಗಿರುತ್ತಾರೆ. ಈ ಕಥೆ ಕೇಳಿದ ಹುಮ್ಮಸ್ಸಿನಲ್ಲಿ ಅವರನ್ನು ಎಬ್ಬಿಸಬೇಡಿ. ಹೊದಿಕೆ ಸರಿದಿದ್ದರೆ ಹೊದಿಸಿ, ಸುಮ್ಮನೆ ಮಲಗಿ. ಬೆಳಿಗ್ಗೆ ಅವರು ಎದ್ದು ನಿಲ್ಲುವ ಹೊತ್ತಿಗೆ ಮನೆಯಲ್ಲಿರಿ.